ಈ ವರ್ಷದ ಹೆಲೆನ್

ಬಡಗಣ ದಿಕ್ಕಿನಲ್ಲಿ ಮೊದಲು ಎದ್ದದ್ದು ಒಂದೇ ಎಳೆ ಹೊಗೆ. ಕುರುಬರು ಚಳಿ ಕಾಯಿಸಲು ಹಸಿ ಸೌದೆ ಒಟ್ಟಿರಬೇಕು ಎಂದುಕೊಂಡು ನಿಕಿಪ್ಪಾ ಗುಡಿಯ ಒಳಕ್ಕೆ ಹೋದಳು. ಮೂರ್ತಿಗೆ ಎಣ್ಣೆ ಸವರಿ, ಬಟ್ಟೆ ಹಿಂಡಿ, ಮತ್ತೆ ಹೊರಗೆ ಬರುವಷ್ಟರಲ್ಲಿ ಆ ಎಳೆ ಆಕಾಶಕ್ಕೆ ಒರಗಿಸಿದ ಕರಿ ಗೋಡೆಯಾಗಿತ್ತು. ಸೆಲಾಸಿಯಾ ಊರು ಉರಿಯುತ್ತಿತ್ತು.

ಶತ್ರು ಹಚ್ಚಿದ ಬೆಂಕಿಯ ಹೊಗೆಯನ್ನು ಸ್ಪಾರ್ಟಾದ ಹೆಂಗಸರು ಅದುವರೆಗೆ ಕಂಡವರಲ್ಲ. ಅವರ ಅಜ್ಜಿಯರೂ ಕಂಡಿರಲಿಲ್ಲ. ಯುದ್ಧವೆಂದರೆ ಗಂಡಸರು ಬೇರೆ ನಾಡಿಗೆ ಹೋಗಿ ಮಾಡಿ ಬರುವ ಕೆಲಸವಾಗಿತ್ತು. ಊರಿಗೊಂದು ಕೋಟೆಯೂ ಇರಲಿಲ್ಲ. ಹಿಂದಿನ ವರ್ಷ ಥೀಬ್ಸಿನವರ ಎದುರು ಸ್ಪಾರ್ಟಾದ ದಂಡು ಮುರಿದುಬಿತ್ತು; ನಿಕಿಪ್ಪಾಳ ತಮ್ಮನೂ ಸೇರಿ ಬಹಳ ಮಂದಿ ಮರಳಿ ಬರಲಿಲ್ಲ. ಆಗಲೂ ಗೆದ್ದವರು ಇಲ್ಲಿತನಕ ಬಂದಾರು ಎಂದು ಯಾರೂ ನೆನೆಸಿರಲಿಲ್ಲ. ಈಗ ಆ ಥೀಬ್ಸಿನವರು ಅರ್ಕೇಡಿಯಾದ ಬೆಟ್ಟಗಾಡಿನ ಜನರನ್ನೂ ಕೂಡಿಸಿಕೊಂಡು, ನಡುಚಳಿಗಾಲದಲ್ಲಿ, ಯುರೋಟಾಸ್ ನದಿಯ ಮೂಡಣ ದಂಡೆ ಹಿಡಿದು ಇಳಿಯುತ್ತಿದ್ದರು. ಊರು ಇದ್ದದ್ದು ಪಡುವಣ ದಂಡೆಯಲ್ಲಿ. ಮೂಡಣ ದಂಡೆಯ ಗುಡ್ಡದ ಮೇಲೆ ಇದ್ದದ್ದು ಹೆಲೆನಳ ಗುಡಿ.

ನಿಕಿಪ್ಪಾ ಆ ಗುಡಿಯ ಪೂಜಾರಿಣಿ. ಮದುವೆಯಾಗಿ ಎರಡೇ ವರ್ಷಕ್ಕೆ ಗಂಡನನ್ನು ಕಳೆದುಕೊಂಡು, ಮಕ್ಕಳಿಲ್ಲದೆ, ಈ ಗುಡ್ಡ ಹತ್ತಿ ಬಂದವಳು ಇಲ್ಲಿಯೇ ತಲೆ ನರೆಸಿಕೊಂಡಿದ್ದಳು. ಹೊರ ಊರುಗಳಲ್ಲಿ ಹೆಲೆನ್ ಎಂದರೆ ಗಂಡನನ್ನೂ ಮಗಳನ್ನೂ ಬಿಟ್ಟು ಟ್ರಾಯ್ ಪಟ್ಟಣದ ರಾಜಕುಮಾರನ ಹಡಗು ಹತ್ತಿದವಳು; ಅವಳ ಮುಖಕ್ಕಾಗಿ ಹತ್ತು ವರ್ಷ ರಕ್ತ ಹರಿಯಿತು ಎಂದು ಅವರು ಇಂದಿಗೂ ಶಪಿಸುತ್ತಾರೆ. ಇಲ್ಲಿ ಮಾತ್ರ ಅವಳು ಮನೆಮಗಳು. ಇದೇ ನದಿಯಲ್ಲಿ ಈಜಿದವಳು, ಇದೇ ಬಯಲಿನಲ್ಲಿ ಓಡಿದವಳು, ಸತ್ತ ಮೇಲೆ ದೇವತೆಯಾಗಿ ಗಂಡ ಮೆನೆಲಾಸನ ಜೊತೆಗೆ ಇದೇ ಗುಡ್ಡದಲ್ಲಿ ನೆಲೆಸಿದವಳು. ರೂಪವಿಲ್ಲದ ಹೆಣ್ಣುಕೂಸುಗಳನ್ನು ತಾಯಂದಿರು ತಂದು ಅವಳ ಮುಂದೆ ಮಲಗಿಸುತ್ತಿದ್ದರು. ಹರಕೆ ತೀರಿದವರು ಬೆರಳುದ್ದದ ಸೀಸದ ಗೊಂಬೆಗಳನ್ನು ಒಪ್ಪಿಸಿ ಹೋಗುತ್ತಿದ್ದರು. ಪ್ರತಿ ವಸಂತದಲ್ಲೂ ಊರಿನ ಹುಡುಗಿಯರು ಬಂದು ಕುಣಿಯುತ್ತಿದ್ದರು. ಕುಣಿತದ ಮುಂದಾಳಾಗಿ ಹಿರಿಯ ಹೆಂಗಸರು ಆರಿಸಿದವಳನ್ನು ಆ ವರ್ಷವೆಲ್ಲ 'ಈ ವರ್ಷದ ಹೆಲೆನ್' ಎಂದೇ ಕರೆಯುತ್ತಿದ್ದರು.

ಬರುವ ವಸಂತದ ಕುಣಿತಕ್ಕೆ ಆಯ್ಕೆಯಾದವಳು ಅರತಾ, ಯುದ್ಧದಲ್ಲಿ ಸತ್ತ ತಮ್ಮನ ಮಗಳು. ಹಾಡುಗಳನ್ನು ಕಲಿಯಲು ಚಳಿಗಾಲ ಹಿಡಿದಾಗಲೇ ಅತ್ತೆಯ ಬಳಿಗೆ ಬಂದಿದ್ದಳು. ನೀಳ ಕೊರಳು, ಬಿಸಿಲು ಬಿದ್ದ ಜೇನಿನ ಬಣ್ಣದ ಕೂದಲು. ಅವಳು ನೀರು ತರಲು ಇಳಿದರೆ ಹೊಲದವರು ನೇಗಿಲು ನಿಲ್ಲಿಸುತ್ತಿದ್ದರು. ಅದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಅಣ್ಣ ಡಾಮಿಸ್ ದಂಡಿನಲ್ಲಿದ್ದ.

ಗುಡಿಯಲ್ಲಿದ್ದ ಮೂರನೆಯವಳು ಮಿರ್ತೋ. ಅವಳು ಹೆಲೊತರ ಹೆಂಗಸು. ಹೆಲೊತರೆಂದರೆ ಸ್ಪಾರ್ಟಾದವರ ನೆಲ ಉಳುವ, ನೆಲದ ಜೊತೆಗೇ ಪಾಲಾಗುವ ಜೀತದ ಜನ. ಮಿರ್ತೋಳ ಹಿರಿಯರು ಟೈಗೆಟಸ್ ಬೆಟ್ಟದಾಚೆಯ ಮೆಸ್ಸೀನಿಯಾದವರು. ಆ ನಾಡನ್ನು ಸ್ಪಾರ್ಟಾ ಗೆದ್ದು ತಲೆಮಾರುಗಳೇ ಕಳೆದಿದ್ದವು. ನಿಕಿಪ್ಪಾ ಗುಡ್ಡ ಹತ್ತಿದ ವರ್ಷವೇ ಮಿರ್ತೋಳನ್ನೂ ಗುಡಿಗೆ ಕೊಟ್ಟಿದ್ದರು. ಒಂದೇ ಒಲೆಯ ಮುಂದೆ ಇಬ್ಬರಿಗೂ ವಯಸ್ಸಾಗಿತ್ತು.

ಮಿರ್ತೋಗೆ ಒಬ್ಬ ಮಗನಿದ್ದ, ಸಿಮೋಸ್. ಎತ್ತರದ ಆಳು, ಎತ್ತನ್ನು ಹೆಗಲಿನಿಂದ ನೂಕಿ ನಿಲ್ಲಿಸುವಷ್ಟು ಕಸುವು. ಕಸುವಿರುವ ಹೆಲೊತನನ್ನು ಕಂಡರೆ ಸ್ಪಾರ್ಟಾಕ್ಕೆ ಭಯ. ವರ್ಷವರ್ಷವೂ ಅಧಿಕಾರಕ್ಕೆ ಬಂದವರು ಹೆಲೊತರ ಮೇಲೆ ಯುದ್ಧ ಸಾರುತ್ತಿದ್ದರು, ಅವರನ್ನು ಕೊಂದರೆ ಪಾಪ ತಟ್ಟಬಾರದೆಂದು. ಆಮೇಲೆ ಆಯ್ದ ಹುಡುಗರ ಕೈಗೆ ಚೂರಿ ಕೊಟ್ಟು ಹೊಲಗಾಡಿಗೆ ಬಿಡುತ್ತಿದ್ದರು. ಕೆಲವು ವರ್ಷಗಳ ಹಿಂದೆ ಒಂದು ಸುಗ್ಗಿಯಲ್ಲಿ ಸಿಮೋಸ್ ದ್ರಾಕ್ಷಿತೋಟದ ದಾರಿಯಲ್ಲಿ ಹೆಣವಾಗಿ ಬಿದ್ದಿದ್ದ. ಆ ಸುಗ್ಗಿಯಲ್ಲಿ ಚೂರಿ ಹಿಡಿದು ಹೋದವರಲ್ಲಿ ಡಾಮಿಸ್ ಒಬ್ಬ. ಕೆಲಸ ಮುಗಿಸಿ ಬಂದವನು ಅತ್ತೆಯ ಕಾಲು ಮುಟ್ಟಿ, ಎತ್ತಿನಂಥವನೊಬ್ಬನನ್ನು ಕೆಡವಿದೆ ಎಂದು ಹೇಳಿಕೊಂಡಿದ್ದ. ನಿಕಿಪ್ಪಾ ಅದನ್ನು ಯಾರ ಮುಂದೆಯೂ ಬಾಯಿ ಬಿಟ್ಟಿರಲಿಲ್ಲ. ಮಿರ್ತೋಗೆ ಗೊತ್ತಿದೆಯೋ ಇಲ್ಲವೋ ಎಂಬುದೂ ಅವಳಿಗೆ ತಿಳಿದಿರಲಿಲ್ಲ.

ಹೊಗೆ ಕಂಡ ಮಾರನೆಯ ಬೆಳಿಗ್ಗೆ ಊರಿನಿಂದ ಒಬ್ಬ ಸವಾರ ಗುಡ್ಡದ ಬುಡಕ್ಕೆ ಬಂದು ಕೂಗಿದ.

"ಆಚೆ ದಡಕ್ಕೆ ಬನ್ನಿ, ಎಲ್ರೂ! ಈಗ್ಲೇ! ಹೊಳೆ ಏರ್ತಾ ಇದೆ!"

ಮಿರ್ತೋ ಆಗಲೇ ಗಂಟು ಕಟ್ಟಿ ಮುಗಿಸಿದ್ದಳು. "ನಡೀರಿ ಅಮ್ಮಾರೆ. ಬೆಟ್ಟದ ಮೇಲೆ ಮಳೆ ಹೊಡೀತಾ ಇದೆ. ಇನ್ನೊಂದು ಗಳಿಗೆ ಬಿಟ್ರೆ ಹೊಳೆ ನಮ್ಮ ಮಾತು ಕೇಳಲ್ಲ."

"ದೇವಿನ ಬಿಟ್ಟು ಎಲ್ಲಿಗೆ ಬರ್ಲೇ?" ಎಂದಳು ನಿಕಿಪ್ಪಾ.

ಮೂರ್ತಿ ಎಂದರೆ ಆಳೆತ್ತರದ ಪೇರು ಮರದ ದಿಮ್ಮಿ. ಎಂದೋ ಕೆತ್ತಿದ್ದು. ತಲೆಮಾರುಗಳ ಎಣ್ಣೆ ಕುಡಿದು ಕಪ್ಪಾಗಿತ್ತು. ಅದನ್ನು ಪೀಠದಿಂದ ಬಿಡಿಸಲು ಮೂವರೂ ಹೆಣಗಾಡಿದರು. ತಳದ ಬೆಣೆಗಳು ಕಲ್ಲಿನೊಂದಿಗೆ ಕಲ್ಲಾಗಿದ್ದವು.

ಅರತಾ ಬೆವರು ಒರೆಸಿಕೊಂಡು ನಕ್ಕಳು. "ಹೆಲೆನ್‌ನ ಎಳ್ಕೊಂಡು ಹೋಗೋದು ಇಷ್ಟು ಕಷ್ಟ ಅಂತ ಆ ಟ್ರಾಯ್‌ನವನಿಗೆ ಗೊತ್ತಿದ್ರೆ ಬರ್ತಾನೇ ಇರ್ಲಿಲ್ಲ, ಅಲ್ವಾ ಅತ್ತೆ?"

"ಬಾಯಿ ಮುಚ್ಚು. ಆ ಕಡೆ ಹಿಡಿ."

"ಅವರು ಇಲ್ಲೀವರೆಗೂ ಎಲ್ಲಿ ಬರ್ತಾರೆ? ಡಾಮಿಸಣ್ಣ ಬಿಡ್ತಾನಾ?"

ಮಿರ್ತೋ ಹಿಡಿದಿದ್ದ ಸನ್ನೆಕೋಲನ್ನು ಕೆಳಗಿಟ್ಟು, ಸೊಂಟ ನೆಟ್ಟಗೆ ಮಾಡಿಕೊಂಡು, ಮತ್ತೆ ಎತ್ತಿಕೊಂಡಳು.

ಕೊನೆಗೆ ಮೂರ್ತಿಯನ್ನು ಬಿಟ್ಟು ಬರಿಗೈಯಲ್ಲಿ ಇಳಿದರು. ದಡ ಮುಟ್ಟಿದಾಗ ಹಾಯುಗಡವೇ ಇರಲಿಲ್ಲ. ದಾಟಲು ಕಾಲಿಡುತ್ತಿದ್ದ ಕಲ್ಲುಗಳ ಮೇಲೆ ಕೆಂಪು ನೀರು ಮೊರೆಯುತ್ತಿತ್ತು. ಅವರ ಕಣ್ಣೆದುರೇ ಒಂದು ಕತ್ತೆ ಮೈಮೇಲಿನ ಹೇರಿನ ಸಮೇತ ಉರುಳುತ್ತ ಕೊಚ್ಚಿಹೋಯಿತು. ಆಚೆ ದಡದಲ್ಲಿ ಹೆಂಗಸರು ಗುಂಪು ಗುಂಪಾಗಿ ಓಡಾಡುತ್ತ ಕಿರುಚುತ್ತಿದ್ದರು. ಯಾವ ಮಾತೂ ಈಚೆಗೆ ತಲುಪಲಿಲ್ಲ.

ಮೂವರೂ ಮತ್ತೆ ಗುಡ್ಡ ಹತ್ತಿದರು.

ನಿಕಿಪ್ಪಾ ಅಂಗಳದಲ್ಲಿ ನಿಂತು ಸುತ್ತ ನೋಡಿದಳು. ಹುಡುಗಿಯನ್ನು ಎಲ್ಲಿ ಬಚ್ಚಿಡುವುದು? ಗುಡ್ಡದ ಹಿಂದೆ ಬೋಳು ಬಯಲು. ಬಡಗಣದ ದಾರಿಯಲ್ಲಿ ಆಗಲೇ ಗುರಾಣಿಗಳು ಮಿಂಚುತ್ತಿದ್ದವು. ಕೊನೆಗೆ ಉಗ್ರಾಣದ ನೆಲದಲ್ಲಿ ಕತ್ತಿನವರೆಗೆ ಹೂತಿದ್ದ ಎಣ್ಣೆಯ ಗುಡಾಣ ನೆನಪಾಯಿತು. ಆ ವರ್ಷ ಆಲಿವ್ ಬೆಳೆ ಕೈಕೊಟ್ಟು ಅದು ಖಾಲಿ ಬಿದ್ದಿತ್ತು.

"ಇಳಿ."

"ಅತ್ತೆ, ಒಳಗೆ ಉಸಿರು ಕಟ್ಟುತ್ತೆ."

"ಚಪ್ಪಡೀನ ಒಂಚೂರು ಓರೆ ಇಡ್ತೀವಿ. ಇಳಿ ಅಂದ್ನಲ್ಲ!"

ಅರತಾ ಮಂಡಿ ಎದೆಗೆ ಒತ್ತಿಕೊಂಡು ಒಳಗೆ ಮುದುಡಿದಳು. ಅವಳ ಕೂದಲು ಕೊನೆಗೆ ಒಳಹೋಯಿತು. ಚಪ್ಪಡಿ ಎಳೆಯಲು ಮಿರ್ತೋಳೇ ಕೈಹಚ್ಚಿದಳು. ಮೇಲೆ ಹಳೆಯ ಗೋಣಿ ಹಾಸಿ, ಅದರ ಮೇಲೆ ಈರುಳ್ಳಿ ಸುರಿದಳು. ಬೆಳಿಗ್ಗೆ ಬಡಿಸಿಟ್ಟಿದ್ದ ಜವೆಯ ಗಂಜಿಯನ್ನು ಯಾರೂ ಮುಟ್ಟಿರಲಿಲ್ಲ.

ನಿಕಿಪ್ಪಾ ಅಂಗಳಕ್ಕೆ ಹೋಗಿ ಕೆಳಗೆ ನೋಡಿ ಬರುವಷ್ಟರಲ್ಲಿ ಮಿರ್ತೋ ಇರಲಿಲ್ಲ.

"ಮಿರ್ತೋ?" ಗುಡಿಯ ಹಿಂದೆ ನೋಡಿದಳು. ಸೌದೆ ಕೊಟ್ಟಿಗೆಯಲ್ಲಿ ನೋಡಿದಳು. ಬೆಳಿಗ್ಗೆ ಕಟ್ಟಿದ ಗಂಟೂ ಇರಲಿಲ್ಲ. ಗುಡ್ಡದ ಬಡಗಣ ಇಳಿಜಾರಿನಲ್ಲಿ, ಪೊದೆಗಳ ನಡುವೆ, ಬೂದು ಉಡುಗೆಯ ಒಂದು ಆಕೃತಿ ದಾರಿಯತ್ತ ಇಳಿಯುತ್ತಿತ್ತು. ಶತ್ರುಗಳ ದಾರಿಯತ್ತ.

ಬಂದ ದಂಡು ಹೆಲೊತರಿಗೆ ಬಿಡುಗಡೆ ಕೊಡುತ್ತಿದೆ ಎಂಬ ಸುದ್ದಿ ಹೊಲಗಳಲ್ಲೆಲ್ಲ ಹಬ್ಬಿತ್ತು. ಬರಿಗೈಯಲ್ಲಿ ಹೋದವಳಿಗೂ ಬಿಡುಗಡೆ ಸಿಗುತ್ತಿತ್ತು. ಆದರೆ ಇವಳ ಕೈ ಬರಿದಾಗಿರಲಿಲ್ಲ. ಅವಳಲ್ಲಿ ಕೊಡಲು ಏನಿದೆ ಎಂಬುದು ನಿಕಿಪ್ಪಾಳಿಗಿಂತ ಚೆನ್ನಾಗಿ ಇನ್ನಾರಿಗೆ ಗೊತ್ತು?

ಬೇರೆ ಕಡೆ ಬಚ್ಚಿಡೋಣವೆಂದು ಉಗ್ರಾಣಕ್ಕೆ ಓಡಿದಳು. ಚಪ್ಪಡಿಗೆ ಭುಜ ಕೊಟ್ಟು ನೂಕಿದಳು. ಇಬ್ಬರು ಎಳೆದಿಟ್ಟಿದ್ದ ಕಲ್ಲು ಒಬ್ಬಳಿಗೆ ಅಲುಗಲಿಲ್ಲ. ಒಳಗಿನಿಂದ ಅರತಾಳ ಪಿಸುದನಿ ಬಂತು. "ಏನಾಯ್ತು ಅತ್ತೆ? ಬಂದ್ರಾ?"

"ಇಲ್ಲ ಮಗಾ. ಸುಮ್ನಿರು."

ಚೆಲ್ಲಾಪಿಲ್ಲಿಯಾದ ಈರುಳ್ಳಿಯನ್ನು ಮತ್ತೆ ಗೋಣಿಯ ಮೇಲೆ ಹರಡಿದಳು. ಅಂಗಳದಲ್ಲಿ ಹೆಜ್ಜೆ ಸದ್ದಾಯಿತು.

ಬಂದವರು ಅರ್ಕೇಡಿಯಾದವರು. ತೋಳದ ಚರ್ಮ ಹೊದ್ದ, ಕೆಸರು ಮೆತ್ತಿದ ಬೆಟ್ಟದ ಹುಡುಗರು. ಅವರ ಮುಂದೆ ಒಬ್ಬ ನಡುವಯಸ್ಸಿನ ನಾಯಕ. ಅವನ ಪಕ್ಕದಲ್ಲಿ, ಗಂಟನ್ನು ಕಂಕುಳಲ್ಲಿ ಅವುಚಿಕೊಂಡು, ಮಿರ್ತೋ.

ನಿಕಿಪ್ಪಾ ಅವಳ ಮುಖ ನೋಡಿದಳು. ಮಿರ್ತೋ ನೆಲ ನೋಡುತ್ತಿದ್ದಳು.

"ನಾನು ಅಗಿಯಾಸ್," ಎಂದ ನಾಯಕ. "ಹೆದ್ರಬೇಡಿ ತಾಯಿ. ಮುದುಕೀರನ್ನ ಕೊಲ್ಲೋಕೆ ಇಷ್ಟು ದೂರ ಬಂದಿಲ್ಲ. ಏಯ್, ಒಳಗೆ ನೋಡ್ರೋ."

ಹುಡುಗರು ಒಳನುಗ್ಗಿದರು. ಹರಕೆಯ ಕಂಚಿನ ಕನ್ನಡಿಗಳು, ಬೆಳ್ಳಿಯ ಪಿನ್ನುಗಳು, ಬಟ್ಟಲುಗಳು ಒಂದೊಂದಾಗಿ ಕಂಬಳಿಯ ಮೇಲೆ ಬಿದ್ದವು. ಸೀಸದ ಗೊಂಬೆಗಳನ್ನು ಮಾತ್ರ ಕಾಲಿನಿಂದ ಒದ್ದರು. ಒಬ್ಬ ಮೂರ್ತಿಯ ಮುಂದೆ ನಿಂತು ಕಣ್ಣರಳಿಸಿದ.

"ಲೋ, ಬನ್ರೋ ಇಲ್ಲಿ! ಇವಳೇ ಅಂತೆ ಹೆಲೆನ್ನು!"

"ಇದಾ? ನಮ್ಮಜ್ಜಿ ಒಲೆಗಿಕ್ಕೋ ಕೊರಡು ಇದಕ್ಕಿಂತ ಲಕ್ಷಣವಾಗೈತೆ ಕಣ್ಲಾ!"

"ಇದಕ್ಕಾಗಿ ಅಷ್ಟು ಹಡಗು ಕಟ್ಟಿದ್ರಾ? ನಮ್ಮೂರೋರೂ ಹೋಗಿದ್ರಂತೆ, ಸಮುದ್ರಾನೇ ಕಾಣದೋರು. ಯಾರಿಗೋ ಕೈಮುಗಿದು ಹಡಗು ಎರವಲು ತಗೊಂಡು!"

"ಚಳಿಗೆ ಒಳ್ಳೆ ಸೌದೆ. ಎಣ್ಣೆ ಕುಡಿದೈತೆ, ಧಗಧಗ ಉರೀತದೆ."

ಒಬ್ಬ ಕೊಡಲಿ ಎತ್ತಿದ. ನಿಕಿಪ್ಪಾಳಿಗೆ ತನ್ನ ದನಿ ಎಲ್ಲಿಂದ ಬಂತೋ ತಿಳಿಯಲಿಲ್ಲ. "ಹೊಡಿ. ಅವಳ ಮೇಲೆ ಕೆಟ್ಟ ಹಾಡು ಕಟ್ಟಿದವನೊಬ್ಬ ಇದ್ದ, ಸಮುದ್ರದಾಚೆ. ಮಾರನೇ ದಿನ ಎದ್ದಾಗ ಅವನಿಗೆ ಎರಡು ಕಣ್ಣೂ ಕಾಣ್ತಿರ್ಲಿಲ್ಲ. ತಪ್ಪಾಯ್ತು ಅಂತ ಇನ್ನೊಂದು ಹಾಡು ಕಟ್ಟೋವರೆಗೂ ಕಾಣ್ಲಿಲ್ಲ. ನಿನಗೆ ಹಾಡು ಕಟ್ಟೋಕೆ ಬರುತ್ತಾ?"

ಹುಡುಗರು ಗೊಳ್ಳೆಂದು ನಕ್ಕರು. ಕೊಡಲಿಯವನೂ ನಕ್ಕ. ಆದರೆ ಏಟು ಹಾಕಲು ಯಾರೂ ಮುಂದಾಗಲಿಲ್ಲ. ಕೊಡಲಿ ಕೆಳಗಿಳಿಯಿತು.

ಅಗಿಯಾಸ್ ನಗಲಿಲ್ಲ. "ಮರದ ಹೆಲೆನ್ ನಮಗೆ ಬೇಡ ತಾಯಿ," ಎಂದ. "ಜೀವ ಇರೋಳು ಬೇಕು. ಈ ವರ್ಷದ ಹೆಲೆನ್ ಎಲ್ಲಿ?"

ನಿಕಿಪ್ಪಾ ಕಾಲಬುಡದಲ್ಲಿ ಬಿದ್ದಿದ್ದ ಸೀಸದ ಗೊಂಬೆಯೊಂದನ್ನು ಎತ್ತಿಕೊಂಡಳು.

"ಯಾವ ಹೆಲೆನ್?"

"ಕುಣಿತದವಳು. ಕೆಳಗಿನ ಹೊಲದೋರೆಲ್ಲ ಹೇಳಿದ್ರು, ಚಳಿಗಾಲ ಪೂರ್ತಿ ಇಲ್ಲೇ ಇರ್ತಾಳಂತೆ. ಅಂಥ ಚೆಲುವೆ ಇನ್ನೊಬ್ಬಳಿಲ್ಲವಂತೆ." ಅವನು ಒಲೆಯ ಪಕ್ಕದ ಕಲ್ಲಿನ ಮೇಲೆ ಕುಳಿತು ಕೈ ಕಾಯಿಸಿಕೊಂಡ. "ನೋಡಿ, ನಿಮ್ಮ ಗಂಡಸರು ಆಚೆ ದಡದಲ್ಲಿ ಮನೆಮಾಡು ಹತ್ತಿ ಕೂತವರೆ. ಎಷ್ಟು ಬೈದ್ರೂ ಹೊರಗೆ ಬರ್ತಿಲ್ಲ. ಇವಳನ್ನ ದಡದಲ್ಲಿ ನಿಲ್ಸಿದ್ರೆ ಬರ್ತಾರೆ. ಒಂದ್ಸಲ ಹೆಲೆನ್‌ಗೋಸ್ಕರ ಅಷ್ಟು ದೊಡ್ಡ ಸಮುದ್ರಾನೇ ದಾಟಿದ ಜನ, ಈ ಹೊಳೆ ದಾಟಲ್ವಾ?"

"ಅವಳು ನಿನ್ನೇನೇ ಊರಿಗೆ ಹೋದಳು."

"ಹೌದಾ?" ಅಗಿಯಾಸ್ ಒಲೆಯ ಕಡೆ ಕೈ ತೋರಿದ. ಗಂಜಿಯ ಮಡಕೆಯ ಪಕ್ಕದಲ್ಲಿ ಮಿರ್ತೋ ಬೆಳಿಗ್ಗೆ ಬಡಿಸಿಟ್ಟ ಮೂರು ಬಟ್ಟಲುಗಳಿದ್ದವು, ಮೇಲೆ ಕೆನೆ ಕಟ್ಟಿಕೊಂಡು. "ಹಾಗಾದ್ರೆ ಈ ಮೂರನೇದು ಯಾರದ್ದು?"

ನಿಕಿಪ್ಪಾಳ ಕಣ್ಣು ತಾನಾಗಿಯೇ ಆಚೆ ಹೊರಳಿತು. ತೆರೆದ ಉಗ್ರಾಣದೊಳಗೆ ಒಬ್ಬ ಹುಡುಗ ಗೋಣಿಯ ಮೇಲಿನ ಈರುಳ್ಳಿಯನ್ನು ಆರಿಸಿ ಆರಿಸಿ ಮಡಿಲಿಗೆ ತುಂಬಿಕೊಳ್ಳುತ್ತಿದ್ದ. ಅವನ ಮೊಣಕಾಲು ಚಪ್ಪಡಿಯ ಮೇಲೇ ಇತ್ತು.

ಅಗಿಯಾಸ್ ಮಿರ್ತೋಳತ್ತ ತಿರುಗಿದ. "ಅಕ್ಕಾ, ನೀನು ಹೇಳು. ಇವರ ಋಣ ನಿನಗೇನೂ ಇಲ್ಲ. ನೀನು ನಮ್ಮ ಜೊತೆ ಬರ್ತೀನಿ ಅಂದೆ, ನಾನು ಬಾ ಅಂದೆ. ಇಲ್ಲಿ ಇನ್ನೊಬ್ಬಳು ಇದ್ದಾಳಾ?"

ಮಿರ್ತೋ ತಲೆ ಎತ್ತಿದಳು. ನಿಕಿಪ್ಪಾಳನ್ನು ನೋಡಿದಳು. ಆ ನೋಟದಲ್ಲಿ ಕರುಣೆಯಿರಲಿಲ್ಲ. ಬಾವಿಗಿಳಿಸಿದ ಹಗ್ಗ ಇನ್ನೂ ಎಷ್ಟು ಉಳಿದಿದೆ ಎಂದು ನೋಡುವವಳ ಹಾಗೆ ನೋಡಿದಳು. ಕಂಕುಳಿನ ಗಂಟನ್ನು ಕೆಳಗಿಟ್ಟಳು.

"ಅದು ನನ್ನ ಮಗನ ಬಟ್ಲು," ಎಂದಳು.

"ಮಗ ಎಲ್ಲಿ?"

"ಕೊಂದರು. ದ್ರಾಕ್ಷಿತೋಟದ ದಾರಿಲಿ. ಹೆಸರು ಸಿಮೋಸ್. ಗಂಟಲಿಗೆ ಒಂದೇ ಏಟು, ಹಿಂದಿನಿಂದ." ಅವಳ ದನಿ ಏರಲಿಲ್ಲ, ಇಳಿಯಲಿಲ್ಲ. "ದಿನಾ ಅವನಿಗೂ ಬಡಿಸ್ತೀನಿ. ಆರಿದ ಮೇಲೆ ಹಕ್ಕಿಗೆ ಹಾಕ್ತೀನಿ. ಈ ಅಮ್ಮಾರು ಬೇಡ ಅಂದಿಲ್ಲ."

ಒಳಗೆ ಕನ್ನಡಿಗಳ ಕಣಕಣ ನಿಂತಿತು. ಈರುಳ್ಳಿಯ ಹುಡುಗ ಎದ್ದು ನಿಂತ, ಮಡಿಲಿನಿಂದ ಎರಡು ಉರುಳಿ ಬಿದ್ದವು. ಅಗಿಯಾಸ್ ಕಲ್ಲಿನ ಮೇಲಿಂದ ಎದ್ದ. ಆಮೇಲೆ ಆ ಬಟ್ಟಲಿಗೆ ಕಾಲು ತಾಗದಂತೆ ಸುತ್ತಿ ಬಂದು ಹೊರನಡೆದ.

"ಸಾಕು, ನಡೀರೋ. ಇಲ್ಲಿ ಯಾರೂ ಇಲ್ಲ."

ಹುಡುಗರು ಕಂಬಳಿಯ ಗಂಟು ಹೊತ್ತು ಇಳಿಯತೊಡಗಿದರು. ಅಗಿಯಾಸ್ ಅಂಗಳದಂಚಿನಲ್ಲಿ ನಿಂತು, "ಬೇಗ ಬಾ ಅಕ್ಕಾ," ಎಂದು ಮಿರ್ತೋಳಿಗೆ ಕೂಗಿದ.

ಗುಡಿಯಲ್ಲಿ ಇಬ್ಬರೇ ಉಳಿದರು. ನಿಕಿಪ್ಪಾ ಗೋಡೆಗೆ ಒರಗಿ ಕುಳಿತಳು. ಮಿರ್ತೋ ಗಂಟಿನ ಕಟ್ಟು ಬಿಗಿ ಮಾಡುತ್ತಿದ್ದಳು.

"ನೀನು ಅವರಿಗೆ ತೋರ್ಸೋಕೆ ಬಂದೆ ಅಂದ್ಕೊಂಡೆ," ಎಂದಳು ನಿಕಿಪ್ಪಾ.

"ತೋರ್ಸೋಕೇ ಬಂದಿದ್ದೆ ಅಮ್ಮಾರೆ."

ನಿಕಿಪ್ಪಾ ಅವಳನ್ನೇ ನೋಡಿದಳು.

"ಗುಡ್ಡ ಹತ್ತೋವರೆಗೂ ಹೇಳೋದೇ ಅಂತಿದ್ದೆ. ಇವಳ ಅಣ್ಣ ನನ್ನ ಮಗನ್ನ ತಗೊಂಡ, ನಾನು ಇವಳನ್ನ ಕೊಡ್ತೀನಿ ಅಂತ. ಆಮೇಲೆ ಈ ಹುಡುಗರು ನಗೋದು ಕೇಳ್ತು." ಮಿರ್ತೋ ಹಲ್ಲಿನಿಂದ ಗಂಟಿನ ತುದಿ ಎಳೆದಳು. "ಸಿಮೋಸ್‌ನ ಕೆಡವಿ ಬರುವಾಗ ಅವರೂ ಹೀಗೇ ನಗ್ತಾ ಬಂದಿರ್ತಾರೆ ಅನ್ನಿಸ್ತು. ಅಷ್ಟೆ. ನಿಮಗೋಸ್ಕರ ಅಂದ್ಕೋಬೇಡಿ."

"ಡಾಮಿಸ್ ಅಂತ ನಿನಗೆ ಯಾರು ಹೇಳಿದ್ರು?"

"ಯಾರು ಹೇಳ್ಬೇಕು? ಅವತ್ತಿಂದ ನೀವು ನನ್ನ ಮುಖ ನೋಡಿ ಮಾತಾಡೋದು ಬಿಟ್ರಲ್ಲ."

ನಿಕಿಪ್ಪಾಳಿಗೆ ಎಷ್ಟೋ ಹೇಳಬೇಕಿತ್ತು. ಇರು ಎನ್ನಬೇಕಿತ್ತು, ಯಾವ ಬಾಯಲ್ಲಿ ಇರು ಎನ್ನುವುದು? "ಎಲ್ಲಿಗೆ ಹೋಗ್ತೀಯ?" ಎಂದಷ್ಟೇ ಕೇಳಿದಳು.

"ಬೆಟ್ಟದಾಚೆ. ನಮ್ಮೋರಿಗೆ ಅಲ್ಲೊಂದು ಊರು ಕಟ್ಟಿಕೊಡ್ತಾರಂತೆ. ಕಟ್ಟಿದ್ರೆ ಕಟ್ಲಿ, ಇಲ್ಲಾಂದ್ರೆ ಇಲ್ಲ. ಒಂದ್ಸಲ ನೋಡ್ತೀನಿ." ಬಾಗಿಲವರೆಗೆ ಹೋದವಳು ತಿರುಗಿ ನಿಂತಳು. "ಚಳಿ ಜಾಸ್ತಿ ಇದೆ. ನಿಮ್ಮ ಉಣ್ಣೆ ಹೊದಿಕೆ ಕೊಡಿ."

ಇಷ್ಟು ವರ್ಷದಲ್ಲಿ ಮಿರ್ತೋ ಅವಳಿಂದ ಏನನ್ನೂ ಕೇಳಿದ್ದಿಲ್ಲ. ನಿಕಿಪ್ಪಾ ಹೆಗಲಿನ ಪಿನ್ನು ಬಿಚ್ಚಿದಳು. ಬೆರಳು ಮರಗಟ್ಟಿ ಅದು ಬೇಗ ಬಿಡಲಿಲ್ಲ. ಮಿರ್ತೋ ಕಾದಳು, ಸಹಾಯ ಮಾಡಲು ಬರಲಿಲ್ಲ. ಹೊದಿಕೆಯನ್ನು ಇಸಿದುಕೊಂಡು, ಕೊಡವಿ, ಹೊದ್ದು, ಇಳಿಜಾರಿನತ್ತ ಹೊರಟಳು. ಒಮ್ಮೆಯೂ ಹಿಂದೆ ನೋಡಲಿಲ್ಲ.

ಚಪ್ಪಡಿಯನ್ನು ಸರಿಸಲು ನಿಕಿಪ್ಪಾಳಿಗೆ ಬಹಳ ಹೊತ್ತು ಹಿಡಿಯಿತು. ಹೊರಗಿನಿಂದ ಅವಳು ಸನ್ನೆಕೋಲು ಹಾಕಿ ಮೀಟಿದಳು, ಒಳಗಿನಿಂದ ಅರತಾ ಬೆನ್ನಿನಿಂದ ಒತ್ತಿದಳು. ಹುಡುಗಿ ಮೇಲೆ ಬಂದಾಗ ಕೆನ್ನೆಯೆಲ್ಲ ಹಳೆಯ ಎಣ್ಣೆಯ ಜಿಡ್ಡು, ಕೂದಲಲ್ಲಿ ಈರುಳ್ಳಿ ಸಿಪ್ಪೆ. ಕಾಲು ಜೋಮು ಹಿಡಿದು ನಿಲ್ಲಲಾಗದೆ ಅತ್ತೆಯ ಮಡಿಲಿಗೇ ಬಿದ್ದಳು.

"ಡಾಮಿಸಣ್ಣನಾ ಅತ್ತೆ? ಮಿರ್ತೋ ಮಗನ್ನ?"

ಎಲ್ಲವೂ ಅವಳಿಗೆ ಕೇಳಿಸಿತ್ತು. ನಿಕಿಪ್ಪಾ ಸುಳ್ಳು ಹೇಳಲು ಹೋಗಲಿಲ್ಲ.

"ಹೌದು."

"ನಿಮಗೆ ಗೊತ್ತಿತ್ತಾ?"

"ಗೊತ್ತಿತ್ತು."

ಅರತಾ ಅತ್ತೆಯ ಮಡಿಲಿನಿಂದ ಎದ್ದು, ಗೋಡೆ ಹಿಡಿದು ಹೋಗಿ, ಮೂರ್ತಿಯ ಕಡೆ ಬೆನ್ನು ಮಾಡಿ ಕುಳಿತಳು.

ದಂಡು ತೆಂಕಣಕ್ಕೆ ಸರಿಯಿತು. ಹೊಲ, ತೋಟ, ಒಂಟಿ ಮನೆ, ಎಲ್ಲ ಸುಟ್ಟುಕೊಂಡು ಹೋಯಿತು. ಊರಿನೊಳಕ್ಕೆ ಮಾತ್ರ ನುಗ್ಗಲಾಗಲಿಲ್ಲ. ಹೊಳೆ ಇಳಿದ ಮೇಲೆ ಅತ್ತೆ ಸೊಸೆ ಇಬ್ಬರೂ ಕೈ ಕೈ ಹಿಡಿದು ದಾಟಿದರು. ಆಚೆ ದಡದಲ್ಲಿ ಜನ ನೆರೆದಿತ್ತು. ಡಾಮಿಸ್ ನೀರಿಗೇ ಇಳಿದು ಓಡಿ ಬಂದ.

"ನನ್ನ ಹೆಲೆನ್! ಬದುಕಿದೀಯಲ್ಲೇ!" ಎಂದು ತಂಗಿಯನ್ನು ಅಪ್ಪಲು ತೋಳು ಚಾಚಿದ.

ಅರತಾ ಒಂದು ಹೆಜ್ಜೆ ಹಿಂದೆ ಸರಿದಳು. "ಸಿಮೋಸ್ ಅಂದ್ರೆ ಯಾರು ಗೊತ್ತಾ ಅಣ್ಣಾ?"

"ಸಿಮೋಸಾ?" ಡಾಮಿಸ್ ಹುಬ್ಬು ಗಂಟಿಕ್ಕಿದ. ನಿಜವಾಗಿಯೂ ನೆನಪು ಮಾಡಿಕೊಳ್ಳಲು ನೋಡಿದ. "ಯಾವ ಸಿಮೋಸು? ಯಾಕೆ, ಅವನೇನಾದ್ರೂ ನಿನಗೆ..."

"ಅವರಮ್ಮ ನನ್ನ ಉಳಿಸಿದ್ಳು," ಎಂದಳು ಅರತಾ, ಸುತ್ತಲಿದ್ದವರಿಗೆಲ್ಲ ಕೇಳುವಂತೆ. "ನೀನು ಕೊಂದೆಯಲ್ಲ, ಹಿಂದಿನಿಂದ, ಅವನ ಅಮ್ಮ."

ಡಾಮಿಸ್ ನಗಲು ಹೋದ. ಜೊತೆಯವರ ಮುಖ ನೋಡಿದ. ಯಾರೂ ನಗಲಿಲ್ಲ, ಯಾರೂ ಅವನನ್ನು ಬೈಯಲೂ ಇಲ್ಲ. ಆ ಊರಿನಲ್ಲಿ ಅದು ತಪ್ಪೆನಿಸಿಕೊಳ್ಳುವ ಕೆಲಸವಾಗಿರಲಿಲ್ಲ. ಅರತಾ ಅವನನ್ನು ಬಳಸಿಕೊಂಡು ದಡ ಹತ್ತಿದಳು. ಒದ್ದೆ ಸೆರಗು ಹಿಂಡುತ್ತ ಹಿಂದೆ ಹಿಂದೆ ನಿಕಿಪ್ಪಾ ಹೋದಳು.

ವಸಂತ ಬಂದಾಗ ಕುಣಿತಕ್ಕೆ ಅರತಾ ಒಪ್ಪಲಿಲ್ಲ. ತಾಯಿ ಅತ್ತಳು, ಹಿರಿಯ ಹೆಂಗಸರು ಗುಡ್ಡ ಹತ್ತಿ ಬಂದು ಗದರಿದರು. "ದೇವಿ ಮುನಿದರೆ ನಿನ್ನ ಮುಖ ಹಾಳಾಗುತ್ತೆ," ಎಂದರು.

"ಆಗ್ಲಿ. ಆ ಹೆಸರು ಕೂಗಿಕೊಂಡೇ ಅವರು ನನ್ನ ಹುಡುಕಿಕೊಂಡು ಬಂದಿದ್ದು. ನಾನು ಅರತಾ. ಬೇರೆ ಯಾರನ್ನಾದ್ರೂ ಕರ್ಕೊಳ್ಳಿ."

ಕೊನೆಗೆ ಮುಂದಾಳಾಗಿ ಕುಣಿದವಳು ತುಟಿಯ ಮೇಲೆ ಮಚ್ಚೆಯಿದ್ದ ಒಬ್ಬ ಕುಳ್ಳಿ. ಅವಳ ಹಾಡು ಚೆನ್ನಾಗಿತ್ತು. ನಿಕಿಪ್ಪಾ ಮೂರ್ತಿಗೆ ಎಂದಿನಂತೆ ಎಣ್ಣೆ ಹಚ್ಚಿದಳು, ಒದ್ದು ಚೆದುರಿಸಿದ್ದ ಸೀಸದ ಗೊಂಬೆಗಳನ್ನು ಆಯ್ದು ಒಪ್ಪ ಮಾಡಿದಳು. ಒಲೆ ಹಚ್ಚಲು, ನೀರು ಹೊರಲು ಗುಡಿಗೆ ಬೇರೆ ಹೆಲೊತಳನ್ನು ಕಳಿಸುತ್ತೇವೆಂದು ಊರಿನವರು ಬಂದಾಗ ಬೇಡ ಎಂದಳು. ಅರತಾಳ ಮದುವೆ ಮುಂದಿನ ವರ್ಷ ಆಯಿತು. ಅಣ್ಣ ಬಂದಿದ್ದ; ಅವಳು ಅವನಿಗೆ ಕೈ ತೊಳೆಯಲು ನೀರು ಕೊಟ್ಟಳು, ಮಾತಾಡಿಸಲಿಲ್ಲ.

ಬೆಟ್ಟದಾಚೆ ಮೆಸ್ಸೀನಿಯಾದವರಿಗೆ ಊರು ಎದ್ದಿತು, ಸುತ್ತ ದೊಡ್ಡ ಕಲ್ಲಿನ ಕೋಟೆಯೂ ಎದ್ದಿತು ಎಂದು ಕೇಳಿಬಂತು. ಅದರ ಹೆಸರೆತ್ತುವುದೇ ಸ್ಪಾರ್ಟಾದಲ್ಲಿ ಅಪಶಕುನವಾಗಿತ್ತು. ಕೆಲವು ವರ್ಷಗಳ ಮೇಲೆ ಎಲಿಸ್ ನಾಡಿನ ಉಣ್ಣೆ ವ್ಯಾಪಾರಿಯೊಬ್ಬ ಬಿಸಿಲಿಗೆ ಬಳಲಿ ಗುಡಿಯ ನೆರಳಿಗೆ ಬಂದು ಕುಳಿತ. ನಿಕಿಪ್ಪಾ ಅವನಿಗೆ ನೀರು, ಅಂಜೂರ ತಂದುಕೊಟ್ಟು, ಅವನು ಬೆಟ್ಟದಾಚೆಯ ಆ ಹೊಸ ಊರಿನಿಂದಲೇ ಬರುತ್ತಿದ್ದಾನೆ ಎಂದು ತಿಳಿದ ಮೇಲೆ ಪಕ್ಕದಲ್ಲೇ ಕುಳಿತಳು.

"ಅಲ್ಲಿ ಮಿರ್ತೋ ಅಂತ ಒಬ್ಬಳು ಇದ್ದಾಳಾ? ವಯಸ್ಸಾದವಳು. ಎಡಗೈ ಮೇಲೆ ಒಲೆ ಸುಟ್ಟ ಕಲೆ ಇದೆ."

"ಮಿರ್ತೋ ಅಂತ ಕೂಗಿದ್ರೆ ಬೀದಿಗೆ ಮೂರು ಜನ ತಿರುಗಿ ನೋಡ್ತಾರೆ ಅಜ್ಜಿ," ಎಂದು ಅವನು ಅಂಜೂರ ಅಗಿಯುತ್ತ ನಕ್ಕ. "ವಯಸ್ಸಾದ ಹೆಂಗಸರು ಕೋಟೆ ಬಾಗಿಲ ಹತ್ರ ಬಿಸಿಲು ಕಾಯ್ತಾ ಕೂತಿರ್ತಾರೆ. ಮುಂದಿನ ಸಲ ಹೋದಾಗ ವಿಚಾರಿಸ್ತೀನಿ ಬೇಕಾದ್ರೆ. ನಿಮಗೇನಾಗಬೇಕು ಅವಳು? ಯಾರು ಕೇಳಿದ್ರು ಅಂತ ಹೇಳ್ಲಿ?"

ನಿಕಿಪ್ಪಾ ಬಟ್ಟಲಿನಲ್ಲಿ ಉಳಿದ ನೀರನ್ನು ನೋಡುತ್ತ ಕುಳಿತಳು. ನಮ್ಮವಳು ಎನ್ನುವುದಕ್ಕೆ ನಾಲಿಗೆ ಏಳಲಿಲ್ಲ.

"ಹೆಸರು ಹೇಳಬೇಡಪ್ಪಾ," ಎಂದಳು ಕೊನೆಗೆ. "ಚೆನ್ನಾಗಿದ್ದಾಳಾ ಅಂತ ಮಾತ್ರ ನೋಡ್ಕೊಂಡು ಬಾ."

ವ್ಯಾಪಾರಿ ಆಗಲಿ ಎಂದು, ಕೈ ಒರೆಸಿಕೊಂಡು, ಕತ್ತೆಯ ಹಗ್ಗ ಬಿಚ್ಚಿದ. ಅವನು ಹೊಳೆ ದಾಟಿ ಆಚೆಯ ಪಾಪ್ಲರ್ ಮರಗಳ ಮರೆಗೆ ಹೋಗುವವರೆಗೂ ನಿಕಿಪ್ಪಾ ಅಂಗಳದಂಚಿನಲ್ಲೇ ನಿಂತಿದ್ದಳು.